ಬಾಜೂ ಮನಿ ನಳ, ನಮ್ಮನಿ ಹೊರಸು

ಅಥಣಿ ರಸ್ತೆದಾಗ ಯಾರರ ಮನಿ ಕಟ್ಟಾಕತ್ಯಾರಂದ್ರ ನನಗ ಎದಿ ಧಸಕ್ ಅಂತೈತಿ ನೋಡ್ರಿ. ಮನಿ ಅವರ್ದು, ಸಾಮಾನು ನಂದು!

ಒಂದ್ ವರ್ಷ ಬಾಜೂ ಮನಿಯಾಂವ ಮಗಳಿಗೆ ಬಬಲೇಶ್ವರದ ವರ ಹುಡುಕಿದ್ದ. ಸಂತ್ಯಾಗ ವರನ ಅಪ್ಪನ ಮುಂದ, "ಹೊಸಾ ಖೋಲಿ ಕಟ್ಟಾಕತ್ತೇನ್ರಿ, ಒಳಗ ನಳ ಬರ್ತೈತಿ," ಅಂತ ಕೊಚ್ಚಿಕೊಂಡು ಬಂದಾನ. "ಖೋಲಿ ನೋಡಿ ಹೂಂ ಅಂತೀವಿ," ಅಂದಾರ ಅವರು. ಈಗ ಕಟ್ಟಬೇಕಲ್ಲ!

ಗ್ವಾಡಿ

ಗ್ವಾಡಿಗೆ ಮೆತ್ತೂ ಮಣ್ಣಿನ ಗಿಲಾವಿನ್ಯಾಗ ಪುಂಡಿನಾರು ಸಣ್ಣಗ ಕೊಯ್ದು ಕಲಸಬೇಕು, ಇಲ್ಲಾಂದ್ರ ಗ್ವಾಡಿ ಬಿರೀತೈತಿ. ಈ ಶಾಣ್ಯಾ ತಿಕೋಟಾದಿಂದ ಒಂದ್ ಹೊರಿ ನಾರು ತಂದ. "ಕೊಯ್ಯೂದ್ಯಾಕ? ಉದ್ದ ಇದ್ರ ಗಟ್ಟಿ," ಅಂದ. ಗೌಂಡಿ ಹಣಿ ಬಡಕೊಂಡ. ಮರದಿನ ನಮ್ಮ ಎಮ್ಮಿ ಕುತಿಗಿ ಚಾಚಿ, ಗ್ವಾಡಿಯಿಂದ ಜೋತಬಿದ್ದ ನಾರು ಜಗ್ಗೇತಿ. ಗಿಲಾವು ದಪ್ಪಂತ ಕೆಳಗ!

"ನಿಮ್ಮ ಎಮ್ಮಿ ನಮ್ಮ ಗ್ವಾಡಿ ತಿಂದೈತಿ!" ಅಂತ ಜಗಳಕ್ಕ ಬಂದ.

"ಗ್ವಾಡಿಗೆ ಗಡ್ಡ ಬಿಟ್ಟಾಂವ ನೀನು," ಅಂದೆ. "ಎಮ್ಮಿ ಪುಕ್ಕಟ ಹಜಾಮತಿ ಮಾಡೇತಿ."

ನೆಲ

ನೆಲಕ್ಕ ಸಿಮಿಂಟು ಹಾಕಿದ್ರು. ಮ್ಯಾಲ ತೋಯಿಸಿದ ಚೀಲ ಹೊಚ್ಚಬೇಕಂತ ನಮ್ಮ ಸಣಬಿನ ಚೀಲ ಒಯ್ದ. "ಝಾಡಿಸೋ, ಒಳಗ ಜೋಳ ಅದಾವು," ಅಂದೆ. ಕಿವಿಗೆ ಹಾಕೋಲಿಲ್ಲ. ದಿನಾ ನೀರು ಕುಡುದು ಖೋಲಿ ತುಂಬ ಜೋಳ ಮೊಳಕಿ ಒಡದು ನಾಟಿದ್ವು.

"ಶುಭಶಕುನ ಬೇ ಅಕ್ಕಾ!" ಅಂತಾನ.

"ಹೌದಪಾ. ಬೀಜ ನಂದು, ರಾಶಿಗೆ ಕರಿ."

ನಳ

ಬೀಗರು ಬರೂ ದಿನಾನ ನಳ ಕುಂಡ್ರಿಸಿದ್ರು. ಪೈಪಿನ ಚೂಡಿಗೆ, ಅಂದ್ರ ತಿರುಪಿನ ಗೆರಿಗೆ, ನಾರು ಬಿಗದು ಸುತ್ತಬೇಕು. ಅದು ನೀರಾಗ ಉಬ್ಬಿ ಸಂದಿ ಮುಚ್ಚತೈತಿ. ನಾರೆಲ್ಲಾ ಗ್ವಾಡಿಗೆ ಹೋಗೇತಿ! ನೀರು ಸೋರಾಕತ್ತೈತಿ, ಇಂವ ಬೀಗರನ್ನ ಕರ್ಯಾಕ ಬಸ್‌ಸ್ಟ್ಯಾಂಡಿಗೆ ಓಡ್ಯಾನ. ನಳದ ಮಿಸ್ತ್ರಿ ಅತ್ತಿತ್ತ ನೋಡ್ಯಾನ. ಬೀಗರಿಗೆ ಕುಂಡ್ರಾಕಂತ ನಮ್ಮನಿಯಿಂದ ತಂದ ಪುಂಡಿಹಗ್ಗದ ಹೊರಸು ಕಂಡೈತಿ. ತಳದ ಹಗ್ಗ ಕೊಯ್ದು, ಹುರಿ ಬಿಚ್ಚಿ, ಸುತ್ತೇಬಿಟ್ಟ. ನೀರು ನಿಂತ್ವು. ಹುಡುಗಿ ತಾಯಿ, ಪಾಪ, ಗೊತ್ತಿಲ್ದ ಹೊರಸಿನ ಮ್ಯಾಲ ಜಮಖಾನಿ ಹಾಸಿದ್ಲು.

ವರನ ಅಪ್ಪ ಬಂದ. ನಳ ತಿರಿವಿದ, ಬಂದ್ ಮಾಡಿದ. ಒಂದ ಹನಿ ಇಲ್ಲ. "ಭೇಷ್! ಇನ್ನ ಕುಂತ ಮಾತಾಡೂಣು," ಅಂತ ಹೊರಸಿನ ಮ್ಯಾಲ ಕುಂತ.

ಕುಂತಾಂವ ಕಾಣಲಿಲ್ರಿ! ಬರೇ ರುಂಬಾಲು, ಎರಡು ಮೊಳಕಾಲು.

ಒಳಗಿಂದ ದನಿ ಬಂತು: "ನಳ ಸೋರೂದಿಲ್ಲ ಖರೆ, ಬೀಗರ ಸೋರತಾರಲ್ರೀ! ಯಾರ ಹೊರಸು ಇದು?"

ಹುಡುಗಿ ಅಪ್ಪ, ಬಾಗಲದಾಗ ನಿಂತಿದ್ದ ನನ್ನ ಕಡೆ ಬಟ್ಟು ಮಾಡಿದ: "ಈಕೀದ್ರಿ! ನಮ್ಮನಿ ಸಾಮಾನು ಹಿಂಗ ಇರೂದಿಲ್ರಿ!"

"ನಿಮ್ದಲ್ಲಾ? ಹಂಗಾರ ಸಂಬಂಧ ಒಪ್ಪಿಗಿ. ಮದಲ ನನ್ನ ಮ್ಯಾಲೆ ಎತ್ತರಿ!"

ಲಗ್ನ ಆತು. ಆ ಬೀಗರು ಇವತ್ತಿಗೂ ನಮ್ಮನಿಗೆ ಬಂದ್ರ ಚಾ ನಿಂತ ಕುಡೀತಾರ.