ಸ್ಯಾಕ್ಸೊಫೋನ್ ವಿರುದ್ಧ ಅರ್ಜಿ

ಲಷ್ಕರ್ ಮೊಹಲ್ಲಾದ ಷಡಕ್ಷರಿಗೆ ಎರಡು ನಿಷ್ಠೆ: ಬೆಳಿಗ್ಗೆ ಲಿಂಗಪೂಜೆ, ಸಂಜೆ ಗ್ರಾಮಫೋನ್ ತಟ್ಟೆ. ಎರಡಕ್ಕೂ ಅಡ್ಡ ಬರುತ್ತಿದ್ದವನು ಮಹಡಿಯ ಬಾಡಿಗೆದಾರರ ಮಗ ಆಂಟೋ. ಇವನು ವಿಭೂತಿ ಧರಿಸಿ ಕಣ್ಣು ಮುಚ್ಚುವುದಕ್ಕೂ ಅವನ ಸ್ಯಾಕ್ಸೊಫೋನ್ ಬಾಗಿಲಿಗೆ ಬಾಲ ಸಿಕ್ಕ ಎಮ್ಮೆಯಂತೆ ಕೂಗುವುದಕ್ಕೂ ಸರಿಹೋಗುತ್ತಿತ್ತು.

ಎರಡು ಸಾವಿರದ ನಾಲ್ಕರ ಒಂದು ಭಾನುವಾರ ಷಡಕ್ಷರಿ ವಠಾರದ ಮಾಲೀಕ ಮಹದೇವಪ್ಪನವರಿಗೆ ಅರ್ಜಿ ಬರೆದ. ನೆರೆಯವನ ಹೆಸರೆತ್ತಿ ದೂರುವುದು ಶಿವ ಮೆಚ್ಚುವ ಕೆಲಸವಲ್ಲವೆಂದು, 'ಈ ಊದಾಟ ಯಾವ ಮನೆಯಿಂದ ಬರುತ್ತದೋ ಆ ಮನೆಯವರು ತಿಂಗಳೊಳಗೆ ಖಾಲಿ ಮಾಡತಕ್ಕದ್ದು' ಎಂದಷ್ಟೇ ಬರೆದು, ತಾನು ಮೊದಲು ರುಜು ಹಾಕಿ, ಮಹಡಿಯದೊಂದು ಬಿಟ್ಟು ಉಳಿದ ಎಂಟು ಮನೆಯವರಿಂದಲೂ ಹಾಕಿಸಿದ.

"ಸಂಜೆ ಬತ್ತೀನಿ ಕಣಪ್ಪ. ಕಿವಿಯಾರೆ ಕೇಳ್ದೆ ತೀರ್ಪು ಕೊಡಲ್ಲ ನಾನು," ಎಂದರು ಮಹದೇವಪ್ಪ.

ಆ ಖುಷಿಯಲ್ಲಿ ಗುಜರಿ ಅಂಗಡಿಗೆ ಹೋದವನಿಗೆ ಹೊಚ್ಚಹೊಸ ರೆಕಾರ್ಡೊಂದು ಸಿಕ್ಕಿತು. ರಟ್ಟಿನ ಮೇಲೆ ಐದು ಜೊತೆ ಹವಾಯಿ ಚಪ್ಪಲಿಗಳ ಚಿತ್ರ, 'ಜಾಜ್' ಎಂಬ ಒಂದೇ ಪದ. ಯಾವ ಕಂಪನಿಯ ಮುದ್ರೆಯೂ ಇಲ್ಲ. ಮುದ್ರೆ ಇಲ್ಲವೆಂದ ಮೇಲೆ ಹೊರದೇಶದ್ದೇ ಸರಿ ಎಂದು ತೀರ್ಮಾನಿಸಿ, ಮನೆಗೆ ತಂದು ಮುಳ್ಳು ತಾಗಿಸಿದ. ಸ್ಯಾಕ್ಸೊಫೋನ್ ಮೆಲ್ಲಗೆ ಎದ್ದಿತು. ಷಡಕ್ಷರಿಯ ಕಣ್ಣು ತುಂಬಿತು.

ಹೆಂಡತಿ ಗಿರಿಜಾಂಬಾ ಸೌಟು ಹಿಡಿದೇ ಬಂದಳು. "ಮೇಲಿನ ಹುಡುಗ ಊದೋದೂ ಇದೇ ಅಲ್ವೇನ್ರೀ?"

"ಅದು ಗದ್ದಲ ಕಣೇ, ಇದು ಸಂಗೀತ. ಶಿವ ಎಲ್ಲರಿಗೂ ಕಿವಿ ಕೊಟ್ಟಿರಲ್ಲ ಬುಡು."

"ನಂಗೆ ಎರಡು ಕೊಟ್ಟಿದಾನಪ್ಪ."

ಇಂಥದ್ದನ್ನು ಒಬ್ಬನೇ ಸವಿಯುವುದು ಪಾಪವೆನ್ನಿಸಿ, ಪ್ರಸಾದ ಹಂಚುವವನಂತೆ ಸ್ಪೀಕರನ್ನು ಕಿಟಕಿಗಿಟ್ಟು ವಠಾರಕ್ಕೆಲ್ಲ ಕೇಳಿಸಿದ. ಆರನೆಯ ಸಲ ತಟ್ಟೆ ತಿರುಗುತ್ತಿದ್ದಾಗ ಬಾಗಿಲಲ್ಲಿ ಮಹದೇವಪ್ಪ ನಿಂತಿದ್ದರು. ಅವರ ಬೆನ್ನಿಗೆ ಎಂಟೂ ಮನೆಯವರು.

"ಮಹಡಿಗೆ ಹೋಗಿ ಸಾರ್, ಅವನಿರೋದು ಅಲ್ಲಿ!"

"ಮಹಡಿಗೆ ಬೀಗ. ಬೆಳಿಗ್ಗೆ ಚರ್ಚಿಗೆ ಹೋದೋರು ಇನ್ನೂ ಬಂದಿಲ್ಲ." ಅವರು ಅರ್ಜಿ ಬಿಡಿಸಿದರು. "ಇದ್ರಲ್ಲಿ ಹೆಸರಿಲ್ಲ, ಊದಾಟ ಬರೋ ಮನೆ ಅಂತ ಐತೆ. ಕಿವಿಯಾರೆ ಕೇಳ್ದೆ. ಮೊದಲ್ನೇ ರುಜು ಯಾರ್ದಪ್ಪ?"

"ಸಾರ್, ಇದು ಸಂಗೀತ!"

"ಎಂಟು ಮನೇಗೂ ಗದ್ದಲ ಅನ್ಸೈತೆ."

ಅಷ್ಟರಲ್ಲಿ ಮೆಟ್ಟಿಲ ಬಳಿ ಬಂದ ಆಂಟೋ ಕಿವಿಗೊಟ್ಟು ನಿಂತವನೇ ಓಡಿಬಂದು ಷಡಕ್ಷರಿಯ ಕಾಲು ಮುಟ್ಟಿದ. "ಅಂಕಲ್, ಇದು ನಮ್ ಬ್ಯಾಂಡಿಂದು! ನಾವೇ ದುಡ್ಡು ಹಾಕಿ ನೂರು ಮಾಡಿಸಿದ್ವಿ, ಒಂದೂ ಹೋಗ್ಲಿಲ್ಲ. ಮಮ್ಮಿ ಎಲ್ಲಾ ಗುಜರಿಗೆ ಹಾಕ್ಬುಟ್ರು. ನೀವೊಬ್ರಾದ್ರೂ ಕೇಳಿದ್ರಲ್ಲ!"

ಈ ತಟ್ಟೆಯಿಂದಲೇ ಮನೆ ಖಾಲಿ ಮಾಡಬೇಕಾಗಿ ಬಂದದ್ದನ್ನು ಗಿರಿಜಾಂಬಾ ಅವನಿಗೆ ಹೇಳಿದಳು.

"ಮನೆ ಚಿಂತೆ ಬಿಡಿ ಅಂಕಲ್," ಎಂದ ಆಂಟೋ. "ಬೋಗಾದೀಲಿ ನಮ್ ಪ್ರಾಕ್ಟೀಸ್ ರೂಮಿನ ಪಕ್ಕದ್ದೇ ಖಾಲಿ ಐತೆ. ನಿಮ್ ಪೂಜೆ ಹೊತ್ತಿಗೆ ಐದೂ ಜನ ಬಂದ್ಬುಡ್ತೀವಿ."

ಗಿರಿಜಾಂಬಾ ಗಂಡನ ಕಿವಿಯಲ್ಲಿ ಮೆಲ್ಲಗೆ ಅಂದಳು: "ಅಲ್ಲಾದ್ರೂ ಅರ್ಜಿ ಬರೆಯೋವಾಗ ಹೆಸರು ಹಾಕ್ರೀ."