ನಾನು ಏರದ ವಿಮಾನದ ಮೇಲೊಂದು ದಾವೆ

ವಿಮಾನ ಹತ್ತುವುದು ಕಷ್ಟದ ಕೆಲಸವೇನಲ್ಲ. ಟಿಕೆಟ್ ಇರಬೇಕು, ವಿಮಾನ ಇರಬೇಕು, ನಾವಿರಬೇಕು. ಎಂಬತ್ತರ ದಶಕದ ಕೊನೆಯಲ್ಲೊಂದು ಬೆಳಿಗ್ಗೆ ಬೆಳಗಾವಿಯ ನಿಲ್ದಾಣದಲ್ಲಿ ಈ ಮೂರೂ ಇದ್ದವು. ಆದರೂ ವಿಮಾನ ನನ್ನನ್ನು ಬಿಟ್ಟು ಹೋಯಿತು!

ನನ್ನದು ಲಕ್ಷ್ಮೇಶ್ವರದಲ್ಲಿ ಬಟ್ಟೆ ಅಂಗಡಿ. ಅಣ್ಣ ಮುಂಬಯಿಯಲ್ಲಿ ನೆಲೆಸಿದ್ದ. ಅವನ ಮಗಳು ನಸೀಮಾಳ ನಿಕಾಹ್ ಗೊತ್ತಾದಾಗ, ಮದುವೆಯ ವಕೀಲನಾಗುವ ಗೌರವ ಚಿಕ್ಕಪ್ಪನಾದ ನನಗೆ ಬಂತು. ಈ ವಕೀಲನೆಂದರೆ ಕರಿಕೋಟಿನವನಲ್ಲ. ವಧುವಿನ ಹತ್ತಿರ ಹೋಗಿ, "ಕಬೂಲೇನವ್ವಾ?" ಎಂದು ಕೇಳಿ, ಅವಳ ಒಪ್ಪಿಗೆಯನ್ನು ಖಾಜಿಯವರಿಗೆ ಮುಟ್ಟಿಸುವವನು. ರಜೆಗೆ ಬಂದಾಗಲೆಲ್ಲ ನನ್ನ ಹೆಗಲ ಮೇಲೆಯೇ ಬೆಳೆದ ಹುಡುಗಿ ಅವಳು. "ನೀವ ಕೇಳಬೇಕು ಚಾಚಾ. ಬ್ಯಾರೆಯವರು ಕೇಳಿದರ ನಾ ಬಾಯಿನ ತಗಿಯಂಗಿಲ್ಲ" ಎಂದು ಮೊದಲೇ ಹೇಳಿದ್ದಳು.

ಹೆಂಡತಿ ಜುಬೇದಾ ಮಕ್ಕಳನ್ನು ಕಟ್ಟಿಕೊಂಡು ಮುಂಚಿತವಾಗಿ ಬಸ್ಸಿನಲ್ಲಿ ಹೊರಟಳು.

"ನೀವೂ ಸಂಗಡ ಬರ್ರಿ. ನಾಕ ಮಂದಿ ಹೋದಂಗ ಹೋಗೂಣು."

"ಅಂಗಡಿ ಯಾರು ನೋಡಬೇಕು? ವಿಮಾನದಾಗ ಒಂದ ತಾಸಿನ ದಾರಿ. ಮುಂಜಾನೆ ಹತ್ತಿದರ ಸಂಜಿ ನಿಕಾಹಕ್ಕ ಆರಾಮ ಮುಟ್ಟತೇನಿ!"

ಅಂಗಡಿಯನ್ನು ನೋಡಿಕೊಳ್ಳಲು ಆಳು ಇದ್ದ. ಖರೆ ಸಂಗತಿ ಎಂದರೆ, ನಮ್ಮ ಓಣಿಯಲ್ಲಿ ಅಲ್ಲಿಯವರೆಗೆ ಯಾರೂ ವಿಮಾನ ಹತ್ತಿರಲಿಲ್ಲ. ಪಕ್ಕದ ಕಿರಾಣಿ ಅಂಗಡಿಯ ಬಸಣ್ಣ ಬಸ್ ಸ್ಟ್ಯಾಂಡಿಗೆ ಬಂದು ನನಗೆ ಹಾರವನ್ನೇ ಹಾಕಿದ. "ಮ್ಯಾಲಿಂದ ನಮ್ಮೂರು ಕಂಡರ ಒಂದೀಟು ಕೈ ಬೀಸ್ರಿ" ಎಂದ. ವಿಮಾನ ಲಕ್ಷ್ಮೇಶ್ವರದ ಮೇಲೆ ಹೋಗುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. "ಆತು" ಎಂದೆ.

ಬೆಳಗಾವಿಯ ವಿಮಾನ ನಿಲ್ದಾಣದಲ್ಲಿ ಎಲ್ಲರಿಗಿಂತ ಮುಂದೆ ಕುಳಿತೆ. ಸ್ವಲ್ಪ ಹೊತ್ತಿಗೆ ಟೈ ಕಟ್ಟಿದ ಅಧಿಕಾರಿಯೊಬ್ಬರು ಬಂದು ಇಂಗ್ಲಿಷಿನಲ್ಲಿ ಏನೋ ಹೇಳಿದರು. ನನಗೆ ತಿಳಿದದ್ದು 'ಸೀಟ್' ಎಂಬ ಒಂದೇ ಶಬ್ದ. ಆಮೇಲೆ ಸಂಸ್ಕೃತ ತುಂಬಿದ ಶುದ್ಧ ಹಿಂದಿಯಲ್ಲಿ ಹೇಳಿದರು. ಅದರಲ್ಲಿ 'ತ್ಯಾಗ' ಎಂಬುದು ಕಿವಿಗೆ ಬಿತ್ತು. ಸ್ವಾತಂತ್ರ್ಯ ಹೋರಾಟಗಾರರ ವಿಷಯವಿರಬೇಕು ಎಂದುಕೊಂಡೆ. ಮಾತು ಮುಗಿಸಿ ಅವರು ಎಲ್ಲರ ಮುಖ ನೋಡಿದರು. ಯಾರೂ ಮಿಸುಕಲಿಲ್ಲ. ಸೀಟು ಯಾರಿಗೆ ಬೇಕು ಎಂದು ಕೇಳುತ್ತಿದ್ದರೆ ಈ ಜನ ಸುಮ್ಮನೆ ಕುಳಿತಿದ್ದಾರಲ್ಲ! ನಾನು ಎದ್ದು ನಿಂತು ಕೈ ಎತ್ತಿದೆ. ಅನುಮಾನಕ್ಕೆ ಆಸ್ಪದ ಬೇಡವೆಂದು ಎರಡೂ ಕೈ ಎತ್ತಿದೆ.

ಅಧಿಕಾರಿ ಓಡಿ ಬಂದು ನನ್ನ ಕೈ ಕುಲುಕಿದರು. ಬೇರೆ ಕೋಣೆಯಲ್ಲಿ ಕೂರಿಸಿ ಚಹಾ, ಬಿಸ್ಕಿಟು ಕೊಡಿಸಿದರು. ಮುಂಗೈಯಿಂದ ಬಿಸ್ಕಿಟಿನ ಪುಡಿ ಒರೆಸಿಕೊಳ್ಳುವಾಗ ಕಿಟಕಿಯಾಚೆ ಒಂದು ವಿಮಾನ ಹಾರಿತು. ನೋಡಲು ಚಂದವಿತ್ತು.

"ನಮ್ಮದು ಯಾವಾಗ್ರೀ?" ಎಂದು ಕೇಳಿದೆ.

"ನಾಳೆ" ಎಂದರು.

ಆಮೇಲೆ ನಾನು ಆಡಿದ ಮಾತುಗಳು ಮಾತ್ರ ಶುದ್ಧ ಕನ್ನಡದಲ್ಲಿದ್ದವು. ಅವರು ಕೊಡುತ್ತೇನೆಂದ ಹೋಟೆಲ್ ಕೋಣೆಯನ್ನು ಧಿಕ್ಕರಿಸಿ ಮುಂಬಯಿ ಬಸ್ಸು ಹತ್ತಿದೆ. ಮುಟ್ಟುವಷ್ಟರಲ್ಲಿ ಮರುದಿನವಾಗಿತ್ತು. ಚಪ್ಪರ ಬಿಚ್ಚುತ್ತಿದ್ದರು.

ನಸೀಮಾ ಗಂಡನ ಮನೆಯಲ್ಲಿದ್ದಳು. ನೋಡಲು ಹೋದೆ. "ನಾ ಭಾಳೊತ್ತು ಬಾಯಿ ತಗೀಲಿಲ್ಲ ಚಾಚಾ. ಖಾಜಿಯವರು ಗಡಿಯಾರ ನೋಡಾಕ ಹತ್ತಿದ್ರು. ಕಡೀಗೆ ಅಮ್ಮ ಚಿವುಟಿದಳು" ಎಂದು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಅಲ್ಲಿಯವರೆಗೆ ಸಿಟ್ಟು ಮಾತ್ರ ಇತ್ತು. ಈಗ ಹಟವೂ ಸೇರಿಕೊಂಡಿತು.

ಹೀಗೆ ಮದುವೆಯ ವಕೀಲನಾಗಬೇಕಿದ್ದವನು ಗದಗಿಗೆ ಹೋಗಿ ಕೋರ್ಟಿನ ವಕೀಲರ ಮುಂದೆ ಕುಳಿತೆ.

ವಕೀಲರು ಎಲೆ ಅಡಿಕೆ ಮೆಲ್ಲುತ್ತ ಹೇಳಿದರು: "ಮೂರು ದಾರಿ ಅದಾವ. ಕಂಪನಿಗೆ ನೋಟೀಸು ಕೊಟ್ಟು ಪರಿಹಾರ ಕೇಳಬಹುದು. ಅವರು ಉತ್ತರಾನ ಕೊಡಂಗಿಲ್ಲ. ಸಿವಿಲ್ ದಾವೆ ಹಾಕಬಹುದು. ಅದು ಮುಗಿಯೂದ್ರಾಗ ಹುಡುಗಿ ಮೊಮ್ಮಕ್ಕಳ ಮದಿವಿ ಆಗಿರತಾವು. ಇನ್ನೊಂದು, ಈಗ ಹೊಸದಾಗಿ ಗ್ರಾಹಕರ ಕಾಯ್ದೆ ಬಂದೈತಿ. ಧಾರವಾಡದ ಗ್ರಾಹಕರ ವೇದಿಕೆಗೆ ಹೋಗೂಣು. ಟಿಕೆಟ್ ಇದ್ದವಗ ಜಾಗಾ ಇಲ್ಲಂದ್ರ ಅದು ಸೇವೆಯಲ್ಲಿ ನ್ಯೂನತೆ!"

'ಸೇವೆಯಲ್ಲಿ ನ್ಯೂನತೆ' ನನಗೆ ಬಹಳ ಹಿಡಿಸಿತು. ಚಹಾದಲ್ಲಿ ಸಕ್ಕರೆ ಕಡಿಮೆಯಾದರೂ ಜುಬೇದಾಳಿಗೆ ಹಾಗೆಯೇ ಹೇಳತೊಡಗಿದೆ. ಒಂದು ವಾರ ಚಹಾವೇ ನಿಂತಿತು.

ವಿಚಾರಣೆಯ ದಿನ ಅದೇ ಟೈ ಕಟ್ಟಿದ ಅಧಿಕಾರಿ ಬಂದಿದ್ದರು. ವೇದಿಕೆಯ ಅಧ್ಯಕ್ಷರ ಮುಂದೆ ಶಾಂತವಾಗಿ ಹೇಳಿದರು: "ಟಿಕೆಟ್ ಒಂದು ಹೆಚ್ಚಾಗಿ ಹೋಗಿದ್ದು ನಮ್ಮ ತಪ್ಪು. ಸೀಟನ್ನು ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟು ನಾಳೆ ಹೋಗುವವರು ಯಾರಾದರೂ ಇದ್ದೀರಾ ಎಂದು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಕೇಳಿದೆ. ಈ ಸಾಹೇಬರು ಕೈ ಎತ್ತಿದರು." ಸ್ವಲ್ಪ ತಡೆದು, "ಎರಡೂ ಕೈ" ಎಂದರು.

ಅಧ್ಯಕ್ಷರು ಕನ್ನಡಕ ತೆಗೆದರು. "ಖರೇನ್ರಿ?"

"ಕೈ ಎತ್ತಿದ್ದು ಖರೆ ಸಾಹೇಬ್ರ. ಯಾಕಂತ ನನಗ ಗೊತ್ತಿರಲಿಲ್ಲ."

"ಹಿಂದಿಯೊಳಗೂ ಹೇಳ್ಯಾರಲ್ಲ? ನಿಮ್ಮ ಮನಿಮಾತು ಯಾವುದು?"

"ಉರ್ದು ರೀ."

ನನ್ನ ವಕೀಲರು ಫೈಲಿನಿಂದ ಮುಖ ಮುಚ್ಚಿಕೊಂಡರು.

"ಆ ಸೀಟಿನಾಗ ಯಾರು ಹೋದರು?" ಎಂದು ಅಧ್ಯಕ್ಷರು ಅಧಿಕಾರಿಯನ್ನು ಕೇಳಿದರು. ಮುಂಬಯಿ ಆಸ್ಪತ್ರೆಗೆ ಹೊರಟಿದ್ದ ಮುದುಕನಂತೆ. ಹೃದಯದ ಆಪರೇಷನ್ ಆಗಿ, ಈಗ ಹುಷಾರಾಗಿದ್ದಾನಂತೆ. ಅದನ್ನು ಕೇಳಿದ ಮೇಲೆ ಸಿಟ್ಟನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಕೇಸು ಸೋಲುತ್ತಿದೆ ಎಂದು ತಿಳಿದೂ ತಿಳಿದೂ, "ಛಲೋ ಆತು ಬಿಡ್ರಿ" ಎಂದುಬಿಟ್ಟೆ. ವಕೀಲರು ನನ್ನ ಕಾಲು ತುಳಿದರು.

ಆದೇಶ ಚಿಕ್ಕದಿತ್ತು. ಅರ್ಜಿದಾರರ ತ್ಯಾಗ ಮೆಚ್ಚತಕ್ಕದ್ದು. ಅರ್ಜಿ ವಜಾ!

ಮನೆಗೆ ಬಂದೊಡನೆ ಜುಬೇದಾ ಕೇಳಿದಳು: "ಏನಾತು?"

"ಕೋರ್ಟು ನನ್ನನ್ನ ಹೊಗಳಿತು."

"ಅಂದ್ರ ಸೋತ್ರಿ."

"ಅಪೀಲು ಐತಿ ಅಂತ. ಬೆಂಗಳೂರಾಗ."

"ಯಾ ಅಲ್ಲಾ! ಮೊದಲ ತಿಳೀದ ಮಾತಿಗೆ ಇಲ್ಲಾ ಅನ್ನಾಕ ಕಲೀರಿ. ಅಪೀಲು ಆಮ್ಯಾಲೆ" ಎನ್ನುತ್ತ ಒಳಗೆ ಹೋದಳು. ಅಲ್ಲಿಂದಲೇ ಇನ್ನೂ ಏನೋ ಕೇಳಿದಳು. ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿತ್ತು, ಸರಿಯಾಗಿ ಕೇಳಿಸಲಿಲ್ಲ. ದಣಿದಿದ್ದೆ. "ಹೂಂ" ಎಂದೆ.

ಎರಡು ದಿನ ಬಿಟ್ಟು ಮುಂಡರಗಿಯಿಂದ ಅವಳ ತಮ್ಮ ಬಂದಿಳಿದ. ಸಂಗಡ ನಾಲ್ಕು ಆಡುಗಳಿದ್ದವು. ಬಕ್ರೀದ್‌ವರೆಗೆ ಅವನ್ನು ನಮ್ಮ ಅಂಗಡಿಯ ಹಿತ್ತಲಲ್ಲಿ ಕಟ್ಟಲು ನಾನು ಸಂತೋಷದಿಂದ ಒಪ್ಪಿದ್ದೆನಂತೆ. ಸಂಜೆಯೊಳಗೆ ಒಂದು ಆಡು ಹಗ್ಗ ಬಿಡಿಸಿಕೊಂಡು ಒಳಗೆ ಬಂದು, ಪಾಪಲಿನ್ ಬಟ್ಟೆಯ ಥಾನಿನ ಅಂಚನ್ನು ಮುಗಿಸಿ ಜರಿ ಸೀರೆಗಳ ಕಡೆ ನೋಡುತ್ತಿತ್ತು. ಇದಕ್ಕೆ ಕಾನೂನಿನಲ್ಲಿ ಏನಾದರೂ ದಾರಿ ಇದೆಯೇ ಎಂದು ಗದಗಿಗೆ ಹೋಗಿ ಕೇಳುವ ಧೈರ್ಯ ನನಗಾಗಲಿಲ್ಲ.