ಸರ್, ನನಗೊಂದು ತಾಸು ಕೊಡ್ರಿ

ನಂಬಂಗಿಲ್ಲ ಅಂತೀರಾ? ಹಂಗಾದ್ರ ನಮ್ಮೂರು ಕಮಲಾಪುರಕ್ಕೆ ಬಂದು ಯಾರನ್ನಾದರೂ ಕೇಳ್ರಿ: ಕಲಬುರಗಿಯಲ್ಲಿ ಎಂ.ಎ. ಹುಡುಗರಿಗೆ ಕನ್ನಡ ಕಾವ್ಯ ಪಾಠ ಮಾಡಿದವನು ನಾನೇ. ನಾನು ಹುಟ್ಟುವ ಮೊದಲಿನಿಂದ ವಿಶ್ವವಿದ್ಯಾಲಯದಲ್ಲಿ ಕಾವ್ಯ ಕಲಿಸುತ್ತಿದ್ದ ನಮ್ಮ ಸರ್ ಮೈಸೂರು ಕಡೆಯವರು. ಎಮ್ಮೆ ಕಾಯ್ದ ನನ್ನ ಬಾಯಿಗೆ ಹಳಗನ್ನಡದ ರುಚಿ ಹತ್ತಿಸಿದ ಪುಣ್ಯಾತ್ಮರು. ಅವರು ನಿವೃತ್ತರಾಗುವುದರೊಳಗೆ ಅವರ ಕಣ್ಣೆದುರೇ ಒಂದು ತಾಸು ಪಾಠ ಮಾಡಬೇಕು ಅನ್ನೋದು ಆಗ ನನ್ನ ಹಟ. ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದರೆ ಈಗ ಹೇಳುವಂಥವು ಆಗುತ್ತಲೇ ಇದ್ದವು.

ಅರಿವಿ

ಎಂ.ಎ. ಸೇರಿದ ಹೊಸತು. ಸರ್ ಬೋರ್ಡು ಒರೆಸುವ ಹರಕು ಅರಿವಿ ಕೊಟ್ಟು, "ಇದನ್ನ ಒಗೆದು ಬಾಪ್ಪ" ಅಂದರು.

ನಮ್ಮ ಕಡೆ ಒಗಿ ಅಂದ್ರ ತೊಳಿ ಅಂತನೂ ಹೌದು, ಬಿಸಾಕು ಅಂತನೂ ಹೌದು. ಆ ಅರಿವಿಯ ಅವತಾರ ನೋಡಿ ಎರಡನೇ ಅರ್ಥವೇ ಖರೆ ಅನ್ನಿಸಿತು. ಕಾಂಪೌಂಡಿನ ಆಚೆಗೆ ಒಗೆದು ಬಂದೆ.

"ಒಗೆದ್ಯಾ?"

"ಒಗದೇನ್ರಿ ಸರ್."

"ಒಣಗೋಕೆ ಹಾಕಿದ್ಯಾ?"

"ಬಿದ್ದಲ್ಲೇ ಒಣಗ್ತದ್ರಿ!"

ಧ್ವನಿ

"ಕಾವ್ಯದಲ್ಲಿ ಧ್ವನಿ ಅಂದರೇನು?" ಅಂತ ಸರ್ ಕೇಳಿದರು. ಪಾಠ ಮಾಡಲು ನಾನೇ ಲಾಯಕ್ಕು ಅಂತ ತೋರಿಸಲು ಇದೇ ಸಮಯ. ಎದ್ದೆ.

"ಧ್ವನಿ ಅಂದ್ರ ನಂದ್ರಿ ಸರ್! ನಾ ಒಮ್ಮೆ ಕೂಗಿದ್ರ ಹೊಂಟ ಬಸ್ಸು ನಿಲ್ತದ. ಇಂಥಾ ಧ್ವನಿ ಇದ್ದವಂಗ ಒಂದು ತಾಸು ಕೊಡ್ರಲ್ಲ?"

ಸರ್ ಕನ್ನಡಕ ತೆಗೆದರು. "ಧ್ವನಿ ಅಂದ್ರೆ ಹೇಳದೆ ತಿಳಿಸೋದು ಕಣಯ್ಯಾ. ನೀನು ಹೇಳಿಯೂ ತಿಳಿಸಲಿಲ್ಲ."

ಬಾಳೆಹಣ್ಣು

ಎಂ.ಎ. ಮುಗಿಸಿ ಸರ್ ಕೈಕೆಳಗೇ ಸಂಶೋಧನೆಗೆ ಸೇರಿದೆ. ಊರಿಂದ ಕೆಂಪು ಬಾಳೆಹಣ್ಣಿನ ಗೊನೆಯನ್ನೇ ಹೊತ್ತು ಅವರ ಮೇಜಿನ ಮೇಲಿಟ್ಟೆ. ಸರ್ ಮೂಸಿ ನೋಡಿ, "ತಾಸಿನ ವಾಸನೆ ಬರ್ತಿದೆಯಲ್ಲ!" ಅಂದವರೇ ಇಡೀ ತರಗತಿಗೆ ಹಂಚಿಬಿಟ್ಟರು.

"ಸರ್, ನನಗ?"

"ನಿನಗೆ ಸಿಪ್ಪೆ. ಆರಿಸಿ ಬುಟ್ಟಿಗೆ ಹಾಕು."

ಗೊರಕೆ

ಸರ್ ಅವರ ಕೊನೆಯ ವರ್ಷ. ಒಂದು ಬೆಳಗ್ಗೆ ಸೀಮೆಸುಣ್ಣ ನನ್ನ ಕೈಗಿಟ್ಟು, "ಮಾಡು, ನೋಡ್ತೀನಿ" ಅಂತ ಹಿಂದಿನ ಬೆಂಚಿನಲ್ಲಿ ಕೂತರು. ಹಳಗನ್ನಡ ಪದ್ಯವನ್ನು ನಮ್ಮೂರ ಮಾತಿನಲ್ಲಿ ಬಿಡಿಸಿದೆ. ಹುಡುಗರು ಕಣ್ಣು ಮಿಟುಕಿಸಲಿಲ್ಲ. ಆ ಖುಷಿಯಲ್ಲಿ ಸರ್ ಇದ್ದಾರೆಂಬುದನ್ನೇ ಮರೆತೆ.

ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹಿಂದಿನಿಂದ ಗೊರಕೆ. ತಿರುಗದೇ ಗುಡುಗಿದೆ: "ಯಾವನಲೇ ಅವ ಗೊರಕಿ ಹೊಡಿಯಾವ? ಎದ್ದು ನಿಂದ್ರು!"

ತಿರುಗಿದರೆ ಸರ್ ಕೈಕಟ್ಟಿ ನಿಂತಿದ್ದಾರೆ!

"ತಪ್ಪಾಯ್ತು ಮೇಷ್ಟ್ರೇ," ಅಂದರು ಸರ್. "ಇಷ್ಟು ವರ್ಷ ನನ್ನ ಪಾಠದಲ್ಲಿ ಇವರು ಮಲಗ್ತಿದ್ರು. ಇವತ್ತು ಎಲ್ಲರೂ ಎದ್ದಿದ್ದಾರೆ, ಅದಕ್ಕೇ ನಿಶ್ಚಿಂತೆಯಿಂದ ನಿದ್ದೆ ಬಂತು."

ಅಂದಿನಿಂದ ನಿವೃತ್ತರಾಗುವ ತನಕ, ಸರ್ ಸೋಮವಾರದ ಮೊದಲ ತಾಸನ್ನು ನನಗೇ ಕೊಟ್ಟರು.